ಹಾಸಿಗೆ ಮನೆಯ ಗ್ರಾಫಿಕ್ಸ್ ಕಾರ್ಡು

ಆ ದಿನ ಬೆಳಗ್ಗೆ ಗಾಳಿ ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋದಂತಿತ್ತು. ಮೋಡವಿರಲಿಲ್ಲ, ಬಿಸಿಲೂ ನೆಟ್ಟಗೆ ಬಿದ್ದಿರಲಿಲ್ಲ. ಆಕಾಶಕ್ಕೆ ಯಾರೋ ಬೂದಿ ಬಳಿದು ಬಿಟ್ಟಂಥ ಮಂಕು. ಬೀದಿಯ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ತಂತಿಯ ಮೇಲೆ ಹರವಿದ ಬಟ್ಟೆಗಳು ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದವು. ಹಾಲು ಹಾಕಲು ಬಂದವನು ಗೇಟಿನ ಬಳಿ ಕತ್ತು ಒರೆಸಿಕೊಳ್ಳುತ್ತ, ಇವತ್ತು ಮನುಷ್ಯರು ಬೇಯುವ ದಿನ ಎಂದು ಹೇಳಿ ಹೋದ.

ಮನುಷ್ಯರಾದರೆ ನೆರಳಿಗೆ ಸರಿದಾರು, ನೀರು ಕುಡಿದಾರು. ಹಾಸಿಗೆ ಮನೆಯ ಸೊಸೆಗಿದ್ದ ಚಿಂತೆ ಮನುಷ್ಯರದ್ದಲ್ಲ. ಅವಳ ಮೇಜಿನ ಕೆಳಗೆ ಕೂತ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡು ಇತ್ತು. ಮದುವೆಗೆ ಮುಂಚೆ ಸ್ಟುಡಿಯೋ ಒಂದರಲ್ಲಿ ಅನಿಮೇಷನ್ ಗೊಂಬೆಚಿತ್ರ ಮಾಡುತ್ತಿದ್ದಾಗ ಅವಳು ಕೊಂಡದ್ದು. ಆಗಲೇ ಅದು ಒಬ್ಬರ ಕೈ ದಾಟಿ ಬಂದಿತ್ತು. ಚಿತ್ರಕ್ಕೆ ಬೆಳಕು, ನೆರಳು, ನಡಿಗೆ ತುಂಬುವ ಹೊರೆಯೆಲ್ಲ ಅದರ ಹೆಗಲಿಗೆ. ಹೊರೆ ಹೊತ್ತಾಗ ಅದು ಕಾಯುತ್ತಿತ್ತು. ಅದರ ಬೆನ್ನ ಮೇಲೆ ಲೋಹದ ತೆಳು ರೆಕ್ಕೆಗಳ ಗೂಡು, ಗೂಡಿಗೆ ಎರಡು ಪುಟ್ಟ ಫ್ಯಾನು. ಇವು ಆ ಕಾವನ್ನು ಹೊರಗೆ ದೂಡಬೇಕು. ದೂಡಲಾರದೆ ಹೋದರೆ ಕಾರ್ಡು ತನ್ನ ಜೀವ ಉಳಿಸಿಕೊಳ್ಳಲು ಕಣ್ಣು ಮುಚ್ಚಿಬಿಡುತ್ತಿತ್ತು. ಪರದೆ ಕಪ್ಪಾಗುತ್ತಿತ್ತು.

ಬೇರೆ ಮನೆಯಲ್ಲಾಗಿದ್ದರೆ ವರ್ಷಕ್ಕೊಮ್ಮೆ ಧೂಳು ಹೊಡೆದರೆ ಸಾಕಿತ್ತೇನೋ. ಇದು ಹಾಸಿಗೆ ಮಾಡುವವರ ಮನೆ. ಪಕ್ಕದ ಕೋಣೆಯಲ್ಲಿ ಮಾವ ದಿನವಿಡೀ ಹತ್ತಿ ಬಿಡಿಸಿ, ಚೀಲಕ್ಕೆ ತುಂಬಿ, ಉದ್ದ ಸೂಜಿಯಿಂದ ಹೊಲಿಯುತ್ತಿದ್ದರು. ಬಾಗಿಲು ಎಷ್ಟು ಬಿಗಿಯಾಗಿ ಹಾಕಿದರೂ ಹತ್ತಿಯ ನವಿರು ಎಳೆಗಳು ನುಸುಳಿ ಬರುತ್ತಿದ್ದವು. ಬಂದವು ನೇರವಾಗಿ ಹೋಗಿ ಆ ಲೋಹದ ರೆಕ್ಕೆಗಳ ನಡುವೆ ಬೀಡುಬಿಡುತ್ತಿದ್ದವು. ಸೊಸೆ ಪ್ರತಿ ವಾರ ಕಾರ್ಡನ್ನು ಬಿಚ್ಚಿ, ಬಣ್ಣದ ಕುಂಚದಿಂದ ಒಂದೊಂದು ಸಂದನ್ನೂ ಗೋರಿ, ಎಣ್ಣೆ ಆರಿದ ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮತ್ತೆ ಜೋಡಿಸುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, ಕೂಸಿಗೂ ಇಷ್ಟು ಬಾಚಿ ಹೆಣೆಯುವವರನ್ನು ತಾವು ಕಂಡಿಲ್ಲ ಎಂದು ಕೆಣಕುತ್ತಿದ್ದರು.

ಈಗ ಆ ಕೂಸು ಹಟ ಹಿಡಿದಿತ್ತು.

ಊರ ಆಚೆ ಕಿವಿ ಕೇಳದ ಮಕ್ಕಳ ಶಾಲೆಯೊಂದಿತ್ತು. ಅಲ್ಲಿನ ಟೀಚರ್ ಒಬ್ಬರು ಸೊಸೆಯ ಕೈಯಲ್ಲಿ ಒಂದು ಚಿತ್ರ ಮಾಡಿಸುತ್ತಿದ್ದರು: ಜೊತೆಯನ್ನು ಕಳೆದುಕೊಂಡ ಒಂಟಿ ಚಪ್ಪಲಿಯೊಂದು ಇನ್ನೊಂದನ್ನು ಹುಡುಕಿಕೊಂಡು ಹೋಗುವ ಕಥೆ. ಕಥೆ ಹೇಳುವವಳು ಚಿತ್ರದೊಳಗಿನ ಒಬ್ಬ ಅಜ್ಜಿ, ಅದೂ ಬಾಯಿಯಿಂದಲ್ಲ, ಕೈಯಿಂದ. ಬೆರಳು ಒಂದಿಷ್ಟು ವಾಲಿದರೂ ಮಾತೇ ಬೇರೆಯಾಗುತ್ತದೆಂದು ಟೀಚರ್ ಫೋನಿನಲ್ಲಿ ಗಂಟೆಗಟ್ಟಲೆ ತಿದ್ದಿಸಿದ್ದರು. ಮರುದಿನ ಶಾಲೆಗೆ ಹೊಸ ಮಕ್ಕಳು ಬರುತ್ತಿದ್ದರು. ಬಂದ ಮೊದಲ ದಿನ ಅವು ಏನಾಗುತ್ತಿದೆಯೆಂದೇ ತಿಳಿಯದೆ ಅಳುತ್ತವಂತೆ. ತಮಗಾಗಿಯೂ ಒಂದು ಕಥೆ ಇದೆಯೆಂದು ಹುಟ್ಟಿದಂದಿನಿಂದ ಯಾರೂ ಅವಕ್ಕೆ ತೋರಿಸಿರುವುದಿಲ್ಲವಂತೆ. ಆ ಅಳುವಿಗೆ ಮದ್ದಾಗಿ ಈ ಚಿತ್ರ. ಸಂಜೆ ಶಾಲೆಯ ವ್ಯಾನಿನಲ್ಲಿ ತಾವೇ ಬಂದು ತೆಗೆದುಕೊಂಡು ಹೋಗುವುದಾಗಿ ಟೀಚರ್ ಹೇಳಿದ್ದರು.

ಚಿತ್ರ ಬಿಡಿಸಿ ಮುಗಿದಿತ್ತು. ಇನ್ನು ಕಾರ್ಡು ಅದನ್ನು ಒಂದೊಂದೇ ಚೌಕಟ್ಟಾಗಿ ಬೇಯಿಸಿ ಇಳಿಸಬೇಕು, ರೆಂಡರ್ ಎನ್ನುತ್ತಾರಲ್ಲ, ಅದು. ಅದಕ್ಕೆಂದೇ ಹಿಂದಿನ ದಿನ ಮಧ್ಯಾಹ್ನ ಕಾರ್ಡಿಗೆ ದೊಡ್ಡ ಸೇವೆ ಮಾಡಿದ್ದಳು. ಕಾವನ್ನು ಲೋಹಕ್ಕೆ ದಾಟಿಸುವ ಪೇಸ್ಟು ಒಣಗಿ ಬಿರುಕುಬಿಟ್ಟಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದ್ದಳು. ಪುಡಿಪುಡಿಯಾಗಿದ್ದ ಮೆತ್ತನೆಯ ಪ್ಯಾಡುಗಳ ಜಾಗಕ್ಕೆ ಹೊಸವು ಬಂದಿದ್ದವು. ಇಷ್ಟೆಲ್ಲ ಮಾಡಿದ ಮೇಲೆ ಕಾರ್ಡು ಹಗುರಾಗಿ ಓಡಬೇಕಿತ್ತು. ಓಡುವುದಿರಲಿ, ಹಿಂದಿಗಿಂತ ಕಡೆಯಾಗಿತ್ತು. ರಾತ್ರಿ ರೆಂಡರಿಗೆ ಹಚ್ಚಿ ಮಲಗಿದವಳು ಬೆಳಗ್ಗೆ ಎದ್ದು ನೋಡಿದರೆ, ರಾತ್ರಿಯ ತಂಪಿನಲ್ಲಿ ಹೇಗೋ ಮೂರರಲ್ಲೊಂದು ಪಾಲು ಮಾತ್ರ ಆಗಿತ್ತು, ಪರದೆ ಕಪ್ಪು ಹೊದ್ದು ಮಲಗಿತ್ತು.

ಅವಳು ನಿಂತಲ್ಲಿಂದ ಮತ್ತೆ ಶುರು ಮಾಡಿದಳು. ಒಲೆಯ ಮೇಲಿಟ್ಟ ಹಾಲನ್ನು ನೋಡುವಂತೆ ಪರದೆಯ ಮೂಲೆಯ ಕಾವಿನ ಅಂಕಿಯನ್ನು ನೋಡುತ್ತ ಕೂತಳು. ಎಪ್ಪತ್ತು, ಎಂಬತ್ತು; ಒಂದು ಗುಟುಕು ಚಹಾ ಗಂಟಲಿಳಿಯುವಷ್ಟರಲ್ಲಿ ತೊಂಬತ್ತು ದಾಟಿತು. ಫ್ಯಾನುಗಳು ಕಿರುಚಿಕೊಂಡವು. ಪರದೆ ಆರಿತು.

ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು, ಅಡುಗೆಮನೆಯಿಂದ ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೇ ಹಿಡಿದಳು. ಕಾವು ಇಳಿಯಲಿಲ್ಲ, ಬಾಗಿಲ ಸಂದಿನಿಂದ ಹತ್ತಿಯನ್ನು ಮಾತ್ರ ಆ ಫ್ಯಾನು ಕೈಬೀಸಿ ಕರೆಯಿತು. ಬಟ್ಟೆಯನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಗಾಳಿಯೇ ಇಲ್ಲದ ದಿನ ಒದ್ದೆ ಬಟ್ಟೆ ತಾನೆ ಏನು ಮಾಡೀತು, ಕೋಣೆ ಮತ್ತಷ್ಟು ಜಿಗುಟಾಯಿತು. ಕಾರ್ಡು ಬಿಚ್ಚಿ, ಆಗಲೇ ಗೋರಿದ್ದ ರೆಕ್ಕೆಗಳನ್ನು ಮತ್ತೆ ಗೋರಿದಳು. ಒಂದು ಸ್ಕ್ರೂ ಕೈಜಾರಿ ಬಿದ್ದು, ಅವಳು ಮೊಣಕಾಲೂರಿ ನೆಲವೆಲ್ಲ ತಡಕಿದ ಮೇಲೆ ಕೊನೆಗೆ ಅದು ಅವಳ ಸೆರಗಿನಲ್ಲೇ ಸಿಕ್ಕಿತು. ಜೋಡಿಸಿದಳು. ಮತ್ತದೇ ಅಂಕಿ, ಮತ್ತದೇ ಕಪ್ಪು. ತಲೆ ಚಿಟ್ಟುಹಿಡಿದು ಹೋಯಿತು.

ಮೂಲೆಯ ರಿಪೇರಿ ಅಂಗಡಿಯವನನ್ನು ಬೀದಿಯವರೆಲ್ಲ ಶಾಕಣ್ಣ ಎಂದೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆಯಾದರೂ ಅವನಿಗೆ ಕರೆಂಟು ಹೊಡೆಯುತ್ತಿತ್ತು. ಅವನಿಗೆ ಫೋನ್ ಮಾಡಿದಳು. ಕಾರ್ಡಿನ ಹೆಸರು ಕೇಳಿ ಅವನು, ಅದಿನ್ನೂ ಬದುಕಿದೆಯಾ ಎಂದು ತೀರಿಹೋದ ನೆಂಟರ ವಿಷಯ ಕೇಳುವವನಂತೆ ಕೇಳಿದ. ಅದಕ್ಕೆ ಇನ್ನು ಔಷಧವಿಲ್ಲ, ಕೈಮುಗಿದು ಕಳಿಸಿಕೊಡಿ ಎಂದ. ಲಾರಿ ಓಡಿಸುತ್ತ ಎಲ್ಲೋ ದೂರದ ರಸ್ತೆಯಲ್ಲಿದ್ದ ಗಂಡನಿಗೆ ಹೇಳಿಕೊಂಡರೆ, ನನ್ನ ಲಾರಿ ಕುದಿದಾಗ ನಾನು ಬಾನೆಟ್ ಎತ್ತಿ ನೆರಳಲ್ಲಿ ನಿದ್ದೆ ಮಾಡುತ್ತೇನೆ, ನೀನೂ ಹಾಗೇ ಮಾಡು ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಫೋನನ್ನು ಮಗ್ಗುಲಿಗಿಟ್ಟು ಕಣ್ಣುಮುಚ್ಚಿ, ದೇವರೇ, ನನಗೇನೂ ಬೇಡ, ಇದೊಂದು ಸಂಜೆ ದಾಟಿಸು ಎಂದುಕೊಂಡಳು. ಆ ಬೇಡಿಕೆಯ ಬಾಲಕ್ಕೂ ಸಿಡುಕು ಅಂಟಿಕೊಂಡಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳು ಕಾರ್ಡನ್ನು ಪೂರ್ತಿ ಬಿಚ್ಚಿದಳು. ಫ್ಯಾನುಗಳಷ್ಟೇ ಅಲ್ಲ, ಲೋಹದ ಗೂಡನ್ನೂ ಕಾರ್ಡಿನ ಮಿದುಳಾದ ಚಿಪ್ಪಿನ ಮೇಲಿಂದ ಎತ್ತಿದಳು. ಎತ್ತಿದವಳು ಹಾಗೇ ನೋಡುತ್ತ ಕೂತಳು.

ಚಿಪ್ಪಿನ ನಡುವೆ ಅವಳು ನಿನ್ನೆ ಹಾಕಿದ ಪೇಸ್ಟಿನ ಗುಡ್ಡೆ ಹೆಚ್ಚುಕಡಿಮೆ ಹಾಕಿದ ಹಾಗೇ ಇತ್ತು. ಗೂಡು ಒತ್ತಿ ಕೂತಿದ್ದರೆ ಅದು ಚಪ್ಪಟೆಯಾಗಿ ಅಂಚಿನವರೆಗೆ ಹರಡಬೇಕಿತ್ತು. ಅದರ ನೆತ್ತಿಯಷ್ಟೇ ತಟ್ಟಿದಂತಾಗಿತ್ತು. ಅಂದರೆ ಇಡೀ ರಾತ್ರಿ ಚಿಪ್ಪು ಕಾಯುತ್ತ ಕೂತಿದೆ, ಕಾವು ಹೀರಬೇಕಾದ ಲೋಹ ಅದರ ತಲೆಯ ಮೇಲೆ ತುದಿಗಾಲಲ್ಲಿ ನಿಂತಿದೆ. ಗೂಡನ್ನು ಎತ್ತಿ ಹಿಡಿದದ್ದು ಏನೆಂದು ನೋಡಿದಳು. ಚಿಪ್ಪಿನ ಸುತ್ತ, ಮೆಮೊರಿಯ ಪುಟ್ಟ ಬಿಲ್ಲೆಗಳ ಮೇಲೆ, ಆ ಬೂದುಬಣ್ಣದ ಪ್ಯಾಡುಗಳು. ಉಗುರಿನಿಂದ ಒಂದರ ಅಂಚು ಬಿಡಿಸಿದಳು. ಅದು ಎರಡಾಗಿ ಬಿಟ್ಟುಕೊಂಡಿತು. ಇನ್ನೊಂದು ಬಿಡಿಸಿದಳು. ಅದೂ ಎರಡು.

ಪ್ಯಾಡು ಕತ್ತರಿಸಿ ಕೂರಿಸಿದವರು ಮಾವ. ಅವರ ಕೈಯ ಕತ್ತರಿ ಅಳತೆಗೋಲಿಲ್ಲದೆ ನೆಟ್ಟಗೆ ಹೋಗುತ್ತದೆಂದು ಅವಳೇ ಅವರನ್ನು ಕೂರಿಸಿಕೊಂಡಿದ್ದಳು.

"ಮಾವ, ಇದನ್ನ ಎರಡೆರಡು ಪದರ ಹಾಕಿದೀರಾ?" ಎಂದು ಕೋಣೆಯಿಂದಲೇ ಕೇಳಿದಳು.

ಮಾವ ಮೈಮೇಲಿನ ಹತ್ತಿ ಕೊಡವುತ್ತ, ಒಳ್ಳೆಯ ಮಾತು ಕೇಳಲು ಬರುವವರಂತೆ ಬಾಗಿಲಿಗೆ ಬಂದರು. "ಹೂಂ ಮಗಳೇ. ಒಂದೇ ಪದರ ತೀರಾ ತೆಳ್ಳಗಿತ್ತು. ಮೇಲೆ ಅಷ್ಟು ಭಾರದ ಕಬ್ಬಿಣ ಕೂರುತ್ತೆ, ಕೆಳಗಿರೋದು ನೋಡಿದ್ರೆ ಗಾಜಿನ ಹಾಗಿದೆ. ಒತ್ತಿ ನೋಯಬಾರದು ಅಂತ ಎರಡು ಹಾಕಿದೆ."

ಜೀವಮಾನವಿಡೀ ಅವರು ಮಾಡಿದ್ದು ಅದನ್ನೇ. ಬೆನ್ನುನೋವಿನವರು ಬಂದರೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ತುಂಬುತ್ತಿದ್ದರು, ಬಸುರಿಯ ಹಾಸಿಗೆಗೆ ಎರಡು ಹಿಡಿ. ಹಾಸುವುದಕ್ಕೆಂದು ಮೆತ್ತನೆಯದೊಂದು ಅವರ ಕೈಗೆ ಸಿಕ್ಕರೆ ಅದು ದಪ್ಪವಾಗದೆ ಇರುತ್ತಿರಲಿಲ್ಲ. ಬೇರೆ ಯಾರಿಗೂ ಹೊಳೆಯದ ತಪ್ಪು ಅದು. ಒಂದು ಕಾರ್ಡಿಗೆ ನೋವಾದೀತು ಎಂದು ಮರುಗುವ ತಪ್ಪು.

ಸೊಸೆಗೆ ಆ ಹೊತ್ತಿನಲ್ಲಿ ಅದೊಂದೂ ಕಾಣಲಿಲ್ಲ. ಬೆಳಗಿನಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ನಾಲಿಗೆಗೆ ಬಂತು. "ಇದು ಹಾಸಿಗೆ ಅಲ್ಲ ಮಾವ. ಕಂಡದ್ದಕ್ಕೆಲ್ಲ ತುಂಬೋದೊಂದೇ ಗೊತ್ತು ನಿಮಗೆ. ನಿಮ್ಮ ಹತ್ತಿ ಸಾಲ್ದು ಅಂತ ಇದೂ ಬೇರೆ."

ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಟೀಚರ್. ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಸೊಸೆ ಎದುರಿಗೆ ನಿಂತವರ ಮುಖ ನೋಡದೆ ಹೇಳಿದಳು: "ಆಗೋದು ಅನುಮಾನ ಟೀಚರ್. ನಮ್ಮ ಮಾವ ಮಿಷನ್ ಕೆಡಿಸಿಟ್ಟಿದ್ದಾರೆ."

ಅವಳು ಫೋನಿಟ್ಟು ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಪಕ್ಕದ ಕೋಣೆಯಿಂದ ದಿನವೂ ಕೇಳಿ ಕೇಳಿ ಕಿವಿಗೆ ಬೀಳದಂತಾಗಿದ್ದ ಹತ್ತಿ ಬಡಿಯುವ ಸದ್ದು ನಿಂತಿತ್ತು. ನಿಂತ ಮೇಲೆ ಮನೆಯೆಲ್ಲ ಆ ಇಲ್ಲದ ಸದ್ದೇ ಕೇಳಿಸತೊಡಗಿತು.

ಅತ್ತೆ ಬಂದರು. ಕೈಯಲ್ಲಿ ಮುಚ್ಚಿಟ್ಟ ತಟ್ಟೆ. ಸೊಸೆಯ ಮೇಜಿನ ಮೇಲೆ ಅದನ್ನಿಟ್ಟು, ಅವಳ ಕಡೆ ನೋಡದೆ, ಒಬ್ಬರು ಊಟ ಬೇಡ ಅಂದಿದ್ದಾರೆ, ನೀನಾದರೂ ಉಣ್ಣು ಎಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಿ ಹಗುರಾಗಬಹುದಿತ್ತು. ಅತ್ತೆ ಆ ಅವಕಾಶವನ್ನೂ ಕೊಡದೆ ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಕೆಲಸವೇನೋ ಸುಲಭದ್ದೇ. ಮೇಲಿನ ಪದರಗಳನ್ನು ಎತ್ತಿ, ಕೆಳಗಿನದನ್ನು ಉಳಿಸಿದರೆ ಆಯಿತು. ಅವಳು ಒಂದೊಂದಾಗಿ ಸುಲಿಯತೊಡಗಿದಳು. ರಾತ್ರಿಯೆಲ್ಲ ಬೆಂದ ಪ್ಯಾಡುಗಳು ಹಲವೆಡೆ ಒಂದಕ್ಕೊಂದು ಬೆಸೆದುಕೊಂಡಿದ್ದವು. ಮೊದಲೆರಡು ಬಂದವು. ಮೂರನೆಯದು ಹರಿದು ಅಂಟಂಟಾಗಿ ಬೆರಳಿಗೆ ಸುತ್ತಿಕೊಂಡಿತು. ಅದರ ಪಕ್ಕದ್ದೂ ಹರಿಯಿತು. ಉಳಿದವು ಹೇಗೋ ಬಿಟ್ಟುಕೊಂಡವು, ಆದರೆ ಎತ್ತಿದ ಮೇಲಿನ ಪದರಗಳು ಮತ್ತೆ ಕೂರಿಸಲಾಗದಷ್ಟು ಹಿಗ್ಗಿ ಕೆಟ್ಟಿದ್ದವು. ಉಳಿದ ಹಾಳೆಯಲ್ಲಿ ಹೊಸದನ್ನು ಕತ್ತರಿಸೋಣವೆಂದು ಕೂತರೆ ಬೆವರುಗೈಯಲ್ಲಿ ಬ್ಲೇಡು ಜಾರಿ, ತುಂಡು ಒಂದು ಕಡೆ ಅಗಲ, ಒಂದು ಕಡೆ ಚೂಪಾಯಿತು. ಬಿಸಾಡಿದಳು. ಇನ್ನೊಂದು ಕತ್ತರಿಸಿದಳು, ಅದು ಗಿಡ್ಡವಾಯಿತು. ಹಾಳೆಯಲ್ಲಿ ಇನ್ನು ಉಳಿದಿದ್ದು ಅಂಗೈಯ ನಡುವೆ ಮುಚ್ಚಿಹೋಗುವಷ್ಟು. ಅದೂ ಕೆಟ್ಟರೆ ಸಂಜೆಯ ಮಾತೇ ಇಲ್ಲ. ಬ್ಲೇಡನ್ನು ಕೆಳಗಿಟ್ಟು ತನ್ನ ಕೈಗಳನ್ನು ನೋಡಿಕೊಂಡಳು. ಚಿತ್ರದ ಅಜ್ಜಿಯ ಬೆರಳುಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಹೋಗದಂತೆ ಬರೆದ ಕೈಗಳು ಈಗ ಅವಳ ಮಾತನ್ನೇ ಕೇಳುತ್ತಿರಲಿಲ್ಲ.

ಅವಳು ಎದ್ದು ಪಕ್ಕದ ಕೋಣೆಯ ಹೊಸ್ತಿಲಿಗೆ ಹೋದಳು. ಮಾವ ಅರ್ಧ ತುಂಬಿದ ಹಾಸಿಗೆಯ ಪಕ್ಕ ಗೋಡೆಗೊರಗಿ ಕೂತಿದ್ದರು. ಕೈಯಲ್ಲಿ ಸೂಜಿಯಿತ್ತು, ದಾರವಿರಲಿಲ್ಲ. ತುಟಿ ಮಾತ್ರ ಮೆಲ್ಲಗೆ ಆಡುತ್ತಿತ್ತು. ಮನಸ್ಸಿಗೆ ನೋವಾದಾಗಲೆಲ್ಲ ಅವರು ಹಾಗೆ ದೇವರ ಹೆಸರು ಹೇಳಿಕೊಳ್ಳುತ್ತಿದ್ದರು, ಯಾರ ಮೇಲೂ ದೂರು ಕೊಡುವುದಕ್ಕಲ್ಲ, ತಮ್ಮ ನಾಲಿಗೆಗೊಂದು ಕೆಲಸ ಕೊಡುವುದಕ್ಕೆ.

ಹೇಳಬೇಕಾದ ಮಾತು ಒಂದಿತ್ತು. ಹೊರಗೆ ಬಂದದ್ದು ಬೇರೆಯೇ. "ಮಾವ, ನನ್ನ ಕೈಲಿ ಬ್ಲೇಡು ನೆಟ್ಟಗೆ ಹೋಗ್ತಿಲ್ಲ. ಒಂದು ಚೂರು ಕತ್ತರಿಸಿಕೊಡ್ತೀರಾ?"

ಅವರು ಎದ್ದರು. ಕೈ ತೊಳೆದು ಒರೆಸಿಕೊಂಡು ಬಂದು, ಕನ್ನಡಕ ಏರಿಸಿ, ಮೇಜಿನ ಮುಂದೆ ಕೂತರು. ಮಧ್ಯಾಹ್ನದ ಮಾತು ಅವರ ಮುಖದಲ್ಲಿ ಇರಲಿಲ್ಲ. ಇದ್ದದ್ದು ಹೊಸಬರ ಮನೆಗೆ ಕೆಲಸಕ್ಕೆ ಬಂದವರ ಎಚ್ಚರ. ಅದು ಅವಳನ್ನು ಹೆಚ್ಚು ಚುಚ್ಚಿತು. ಬ್ಲೇಡು ಎತ್ತುವ ಮುಂಚೆ ಅವರು ಒಂದು ಬೆರಳನ್ನು ಮೇಲೆ ಹಿಡಿದು ಕೇಳಿದರು: "ಒಂದೇ ಪದರ ತಾನೆ? ಇನ್ನೊಂದ್ಸಲ ಕೇಳ್ತಿದೀನಿ ಅಂತ ಬೇಜಾರು ಮಾಡ್ಕೋಬೇಡ."

ಇನ್ನೊಂದು ಸಲ. ಅವಳಿಗೆ ನಿನ್ನೆಯ ಮಧ್ಯಾಹ್ನ ಕಣ್ಣೆದುರು ನಿಂತಿತು. ಅವಳು ಫೋನಿನಲ್ಲಿ ಟೀಚರ್ ಜೊತೆ ಅಜ್ಜಿಯ ಹೆಬ್ಬೆರಳಿನ ಬಗ್ಗೆ ವಾದ ಮಾಡುತ್ತಿದ್ದಳು. ಮಾವ ಹೀಗೇ ಪಕ್ಕದಲ್ಲಿ ಕೂತು, ಒಂದು ಹಾಕಲೇ ಎರಡು ಹಾಕಲೇ ಎಂದು ಕೇಳಿದ್ದರು. ನಿಮಗೆ ಗೊತ್ತಲ್ಲ ಮಾವ, ನೀವೇ ನೋಡಿ ಹಾಕಿ ಎಂದು ಅವಳು ಕೈಯಾಡಿಸಿಬಿಟ್ಟಿದ್ದಳು. ಅವರು ತಮಗೆ ಗೊತ್ತಿದ್ದಂತೆ ನೋಡಿ ಹಾಕಿದ್ದರು. ಆಮೇಲೆ ಪೇಸ್ಟು ಹಚ್ಚಿ, ಗೂಡು ಕೂರಿಸಿ, ಸ್ಕ್ರೂ ಬಿಗಿದವಳು ಅವಳೇ. ಸ್ಕ್ರೂಗಳು ಅರ್ಧಕ್ಕೇ ಗಟ್ಟಿಯಾದಾಗ ಬಗ್ಗಿ ನೋಡಿದ್ದರೆ ಸಾಕಿತ್ತು, ನಡುವೆ ಬೆಳಕು ಹಾಯುವಷ್ಟು ಸಂದು ಕಾಣುತ್ತಿತ್ತು. ಅವಳು ನೋಡಿರಲಿಲ್ಲ, ಹೊಸದಲ್ಲವೇ, ಬಿಗಿಯಾಗಿಯೇ ಇರುತ್ತದೆ ಎಂದುಕೊಂಡಿದ್ದಳು.

"ಒಂದೇ ಮಾವ," ಎಂದಳು. ಆಮೇಲೆ ಚಿಪ್ಪಿನ ಕಡೆ ಬೆರಳು ತೋರಿಸಿ, ನಿನ್ನೆಯೇ ಹೇಳಬೇಕಾಗಿದ್ದದ್ದನ್ನು ಮೆತ್ತಗೆ ಹೇಳಿದಳು: ಈ ಚಿಪ್ಪಿಗೆ ಲೋಹ ತಾಗಬೇಕು, ಒತ್ತಿ ತಾಗಬೇಕು, ಅದಕ್ಕೆ ನೋಯುವುದಿಲ್ಲ. ಪ್ಯಾಡುಗಳಿರುವುದು ಅಕ್ಕಪಕ್ಕದ ಸಂದು ತುಂಬುವುದಕ್ಕೆ ಮಾತ್ರ, ಎತ್ತಿ ಹಿಡಿಯುವುದಕ್ಕಲ್ಲ.

ಮಾವ ತಲೆದೂಗಿದರು. "ಹಾಗಾದ್ರೆ ಇದು ಮಲಗೋ ಜೀವ ಅಲ್ಲ. ತಬ್ಕೊಂಡೇ ಇರಬೇಕಾದ ಜೀವ. ನನಗೆ ಮಲಗೋರದ್ದು ಮಾತ್ರ ಗೊತ್ತು ನೋಡು." ಅಷ್ಟು ಹೇಳಿ ಬ್ಲೇಡನ್ನು ಹಾಳೆಯ ಮೇಲೆ ಎಳೆದರು. ಒಂದೇ ಎಳೆತ. ತುಂಡು ಬಿಲ್ಲೆಯ ಮೇಲೆ ಬಿಲ್ಲೆಯ ನೆರಳಿನಂತೆ ಕೂತಿತು. ಎರಡನೆಯದೂ ಹಾಗೇ. ಉಳಿದಿದ್ದ ಆ ಚೂರು ಹಾಳೆಯಲ್ಲಿ ಮೂರನೆಯದಕ್ಕೆ ಜಾಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವಳು ಹೊಸ ಪೇಸ್ಟು ಹಚ್ಚಿ ಗೂಡು ಕೂರಿಸಿದಳು. ಈ ಸಲ ಸ್ಕ್ರೂಗಳು ಬುಡದವರೆಗೆ ಇಳಿದವು. ಬಗ್ಗಿ ನೋಡಿದಳು. ಮಾವನೂ ಬಗ್ಗಿ ನೋಡಿದರು. ಸಂದಿರಲಿಲ್ಲ.

ಕಾವು ಎಪ್ಪತ್ತರ ಮೇಲೆ ಸ್ವಲ್ಪ ಏರಿ ಅಲ್ಲೇ ನಿಂತಿತು. ಅವಳು ಎಷ್ಟೋ ಹೊತ್ತು ಅದನ್ನು ನಂಬಲಿಲ್ಲ. ಚೌಕಟ್ಟಿನ ಮೇಲೆ ಚೌಕಟ್ಟು ಇಳಿಯುತ್ತ ಹೋಯಿತು: ಒಂಟಿ ಚಪ್ಪಲಿ ಚರಂಡಿ ದಾಟಿತು, ನಾಯಿಯ ಬಾಯಿಂದ ತಪ್ಪಿಸಿಕೊಂಡಿತು. ಆದರೆ ಸಂತೋಷಪಡಲು ಹೊತ್ತಿರಲಿಲ್ಲ. ಬೆಳಗೆಲ್ಲ ಹಾಳಾದ ಹೊತ್ತು ಹಾಳಾಗಿಯೇ ಹೋಗಿತ್ತು. ಹಳೆಯ ಕಾರ್ಡು ತಣ್ಣಗಿದ್ದರೂ ಅದರ ನಡಿಗೆ ಅದರದ್ದೇ. ಅವಸರಿಸಿದರೆ ಓಡುವುದಿಲ್ಲ, ಗದರಿದರೆ ಕೇಳುವುದಿಲ್ಲ. ಒಂದು ಫ್ಯಾನು ನಡುನಡುವೆ ಗೊರಗೊರ ಎನ್ನುತ್ತಿತ್ತು. ಪ್ರತಿ ಗೊರಕ್ಕೂ ಅವಳು ಕಾವಿನ ಅಂಕಿಯ ಕಡೆ ಕಣ್ಣು ಹಾಯಿಸುತ್ತಿದ್ದಳು. ಮಾವ ತಮ್ಮ ಕೋಣೆಗೆ ಹೋದರೂ ಹತ್ತಿ ಬಡಿಯಲಿಲ್ಲ. ಚಿತ್ರ ಮುಗಿಯುವವರೆಗೆ ಒಂದೆಳೆಯೂ ಹಾರಬಾರದೆಂದು ಹೊಲಿಗೆಯ ಕೆಲಸವಷ್ಟೇ ಮಾಡುತ್ತಿದ್ದಾರೆಂದು ಅತ್ತೆಯಿಂದ ತಿಳಿಯಿತು.

ವ್ಯಾನು ಬಂದು ನಿಂತಾಗ ಕೊನೆಯ ಭಾಗ ಬಾಕಿಯಿತ್ತು. ಟೀಚರ್ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಾತಾಡುವಾಗಲೂ ಕೈಯಾಡಿಸುವ, ಎದುರಿನವರ ಮುಖವನ್ನೇ ಓದುವ ಹೆಂಗಸು. ಇನ್ನೊಂದಿಷ್ಟು ಹೊತ್ತು ಎಂದು ಸೊಸೆ ತಡವರಿಸಿದಾಗ, ಕಾಯುವುದು ತಮ್ಮ ಕಸುಬೇ ಎಂದು ಹೇಳಿ, ಅದೇ ಕೋಣೆಯಲ್ಲಿ ಮಾವ ಹೊಲಿದಿಟ್ಟಿದ್ದ ಹೊಸ ಹಾಸಿಗೆಯ ಅಂಚಿನಲ್ಲಿ ಕೂತರು. ಕೂತವರು ಕೈಯಿಂದ ಅದುಮಿ ನೋಡಿ, ಇಲ್ಲೇ ಮಲಗಿಬಿಟ್ಟರೆ ನಾಳೆ ಶಾಲೆಗೆ ಯಾರು ಹೋಗುತ್ತಾರೆ ಎಂದರು. ಅತ್ತೆ ಚಹಾ ತಂದರು. ಪರದೆಯ ಮೇಲೆ ಎರಡು ಚಪ್ಪಲಿಗಳು ಒಂದೇ ಹೊಸ್ತಿಲಲ್ಲಿ ಎದುರುಬದುರಾದವು. ಅಜ್ಜಿ ಎರಡೂ ಕೈಗಳನ್ನು ಜೋಡಿಸಿ ಕಥೆ ಮುಗಿಸಿದಳು. ಟೀಚರ್ ಚಹಾದ ಲೋಟ ಹಿಡಿದುಕೊಂಡೇ ಮುಂದಕ್ಕೆ ಬಾಗಿ, ಹೆಬ್ಬೆರಳು ಸರಿಯಾಗಿದೆ ಎಂದರು, ತುಂಬ ಮೆಲ್ಲಗೆ.

ಸೊಸೆ ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸತೊಡಗಿದಳು. ಅಷ್ಟರಲ್ಲಿ ಮಾವ ಏನೋ ಕೇಳಲು ಬಾಗಿಲಿಗೆ ಬಂದವರು ಟೀಚರನ್ನು ಕಂಡು ಹಿಂದೆ ಸರಿಯಹೋದರು. ಟೀಚರ್ ನಗುತ್ತ, "ಓ, ಮಿಷನ್ ಕೆಡಿಸಿದ ಮಾವ ಇವರೇನಾ?" ಎಂದರು. ತಮಾಷೆಗೆ ಹೇಳಿದ ಮಾತು, ಅದರಲ್ಲಿ ಕೊಂಕಿರಲಿಲ್ಲ.

ಮಾವನೂ ನಕ್ಕರು. ನಕ್ಕು ನೆಲ ನೋಡುತ್ತ, "ನಾನೇ ತಾಯಿ. ವಯಸ್ಸಾಯ್ತು, ತಿಳಿಯಲ್ಲ," ಎಂದರು.

ಸೊಸೆ ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಕಳಚಿ, ಎದ್ದು ಬಂದು ಟೀಚರ್ ಕೈಯಲ್ಲಿಟ್ಟಳು. ದನಿ ಏರಿಸದೆ, ನಾಳೆ ಚಿತ್ರವನ್ನು ಹೇಗೆ ಹಾಕಬೇಕೆಂದು ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು: "ಇವರಲ್ಲ ಟೀಚರ್. ಒಂದು ಪದರವೋ ಎರಡೋ ಅಂತ ಇವರು ನಿನ್ನೆ ಕೇಳಿದ್ರು. ನಾನು ನಿಮ್ಮ ಜೊತೆ ಫೋನಲ್ಲಿದ್ದೆ, ಸರಿಯಾದ ಉತ್ತರ ಕೊಡಲಿಲ್ಲ. ಮುಚ್ಚುವಾಗ ನೋಡಲೂ ಇಲ್ಲ. ಕೆಡಿಸಿದ್ದು ನಾನು. ಇವತ್ತು ಇವರ ಕೈ ಇಲ್ಲದಿದ್ರೆ ನೀವು ಬರಿಗೈಲಿ ಹೋಗ್ತಿದ್ರಿ."